ಅರೆಗೋಡೆಯ ಎತ್ತರ

ನಮ್ಮ ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಇದ್ದ ಗೋಡೆಯನ್ನು ಕೆಡವಬೇಕೆಂದು ನಾನು ತೀರ್ಮಾನಿಸಿದ್ದು ಒಂದು ಮಳೆಗಾಲದಲ್ಲಿ. ಕೆಡವಿದರೆ ಏನೇನು ಅನಾಹುತ ಆಗಬಹುದೆಂದು ಹೆದರಲು ತೊಡಗಿದ್ದು ಅದರ ಮರುಗಳಿಗೆಯಿಂದ. ನನ್ನ ಸ್ವಭಾವವೇ ಹಾಗೆ. ವಂಡ್ಸೆಯಲ್ಲಿ ಬಸ್ಸು ತಪ್ಪೀತೆಂದು ಹೆದರಿ ಬೇಗ ಹೋಗಿ ನಿಲ್ಲುತ್ತೇನೆ. ನಿಂತ ಮೇಲೆ ಮನೆಯ ಹಿಂಬಾಗಿಲು ಹಾಕಿದೆನೋ ಇಲ್ಲವೋ ಎಂದು ಹೆದರುತ್ತೇನೆ. ಆದರೂ ಆ ಗೋಡೆಯ ವಿಷಯದಲ್ಲಿ ನನಗೆ ಎಲ್ಲಿಂದಲೋ ಒಂದು ಧೈರ್ಯ ಬಂದಿತ್ತು. ನಾನು ಹೇಳುವುದು ಸರಿ, ಉಳಿದವರಿಗೆ ಅದು ತಿಳಿಯಲು ಸ್ವಲ್ಪ ಹೊತ್ತು ಬೇಕು, ಅಷ್ಟೇ ಎಂಬ ಬಗೆಯ ಧೈರ್ಯ. ಶಾಲೆಯ ಮಾಸ್ತರರಿಗೆ ಈ ಕಾಯಿಲೆ ಸಾಮಾನ್ಯ. ನಾನೂ ಮಾಸ್ತರನೇ.

ಮನೆಯ ಸಂಗತಿಯನ್ನು ಮೊದಲು ಹೇಳಬೇಕು. ಐವತ್ತಾರನೆಯ ಇಸವಿಯಲ್ಲಿ ಆಸ್ತಿಯ ಹೊಸ ಕಾಯಿದೆ ಬಂದು ಒಂದೆರಡು ವರ್ಷದಲ್ಲಿ ನಮ್ಮ ದೊಡ್ಡ ಮನೆ ಪಾಲಾಯಿತು. ಅಮ್ಮನ ಪಾಲಿಗೆ ಚಾವಡಿ, ಅದರ ಹಿಂದಿನ ಕೋಣೆಗಳು, ಭತ್ತ ತುಂಬಿಡುವ ಕೋಣೆ ಮತ್ತು ಬಾವಿ ಬಂದವು. ಅಡುಗೆಮನೆ ದೊಡ್ಡಮ್ಮನ ಪಾಲಿಗೆ ಹೋಯಿತು. ಇಷ್ಟು ಜಾಗ ಸಿಕ್ಕಿಯೂ ಅನ್ನ ಬೇಯಿಸಲು ಜಾಗವಿಲ್ಲ ಎಂಬ ಸ್ಥಿತಿ. ಹಾಗಾಗಿ ಭತ್ತದ ಕೋಣೆಯಲ್ಲೇ ಒಲೆ ಹೂಡಿದೆವು. ಭತ್ತಕ್ಕೆ ಬೆಳಕು ಬೇಡವಾದ್ದರಿಂದ ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಹೊಗೆ ಹಂಚಿನ ಸಂದಿನಲ್ಲಿ ದಾರಿ ಹುಡುಕಿಕೊಂಡು ಹೋಗಬೇಕು, ಹೋಗದಿದ್ದರೆ ಅಲ್ಲೇ ಉಳಿಯಬೇಕು. ಹೆಚ್ಚಾಗಿ ಉಳಿಯುತ್ತಿತ್ತು.

ಆ ಕೋಣೆಗೂ ನಾವು ಉಣ್ಣುವ ಕೋಣೆಗೂ ನಡುವೆ ದಪ್ಪ ಮಣ್ಣಿನ ಗೋಡೆ. ಅದರಲ್ಲಿ ತಲೆ ಬಗ್ಗಿಸಿ ದಾಟುವ ಒಂದು ಸಣ್ಣ ಬಾಗಿಲು. ಆ ಬಾಗಿಲಿನಿಂದ ಅನ್ನದ ತಪಲೆ ಬರುತ್ತಿತ್ತು, ಮೀನಿನ ಸಾರು ಬರುತ್ತಿತ್ತು, ಬಳೆ ತೊಟ್ಟ ಕೈ ಬರುತ್ತಿತ್ತು. ಗಂಡಸರು, ಮಕ್ಕಳು, ಬಂದವರು ಉಂಡು ಎದ್ದ ಮೇಲೆ ಅಮ್ಮ, ಅಕ್ಕ ಮತ್ತು ನನ್ನ ಹೆಂಡತಿ ಆಚೆ ಎಲ್ಲೋ ಉಣ್ಣುತ್ತಿದ್ದರು. ಎಲ್ಲೋ ಅಂತ ಯಾಕೆ ಹೇಳುತ್ತೇನೆಂದರೆ, ನಲವತ್ತು ದಾಟಿದ ನಾನು ನನ್ನ ತಾಯಿ ಮಧ್ಯಾಹ್ನದ ಊಟ ಮಾಡುವುದನ್ನು ಒಮ್ಮೆಯೂ ಕಂಡಿರಲಿಲ್ಲ.

ಅದು ಯೋಚನೆಗೆ ಬಂದದ್ದು ಬ್ರಹ್ಮಾವರದಲ್ಲಿ. ಅಲ್ಲಿ ಪರಿಚಯದವರೊಬ್ಬರ ಹೊಸ ಮನೆಗೆ ಹೋಗಿದ್ದೆ. ಅಡುಗೆಯ ಜಾಗ, ಊಟದ ಜಾಗ ಎಲ್ಲ ಒಂದೇ ದೊಡ್ಡ ಕೋಣೆ. ನಡುವೆ ಗೋಡೆ ಇಲ್ಲ. ಒಲೆಯ ಮೇಲಿಂದ ದೋಸೆ ನೇರ ಮೇಜಿಗೆ. ಆ ಮನೆಯ ಹೆಂಗಸರು ಬಡಿಸುತ್ತ, ನಡುನಡುವೆ ಕೂತು, ನಮ್ಮೊಟ್ಟಿಗೆ ತಿಂದರು. ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ಉದ್ದಕ್ಕೂ ನನಗೆ ಅಮ್ಮನ ಕತ್ತಲೆ ಕೋಣೆಯೇ ಕಣ್ಣಿಗೆ ಕಟ್ಟಿತು. ಎಲ್ಲರದೂ ಆದ ಮೇಲೆ ತಣ್ಣಗಾದದ್ದನ್ನು, ಉಳಿದದ್ದನ್ನು, ಹೊಗೆಯಲ್ಲಿ ಕೂತು ಉಣ್ಣುತ್ತಾಳೆ ಪಾಪ. ಮನೆಗೆ ಬಂದವನೇ ಚಪ್ಪಲಿ ಬಿಡುವ ಮುಂಚೆ ಹೇಳಿದೆ, ಈ ಗೋಡೆ ತೆಗೆಯಬೇಕು, ಬೇಸಿಗೆಯಲ್ಲಿ.

ಅಮ್ಮ ಬಚ್ಚಲ ಹತ್ತಿರ ಬಂಗ್ಡೆ ಮೀನು ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ತೆಗಿ. ಆದ್ರೆ ಗೋಡಿ ಇಲ್ದಿದ್ ಅಡ್ಗಿಮನಿಯಗೆ ನಾ ಉಂಬುದಿಲ್ಲ. ನೀವೆಲ್ಲ ಒಳ್ಗ್ ಉಣ್ಣಿ. ನಾ ತೆಂಗಿನ್ ಕಟ್ಟಿ ಮೇಲ್ ಕೂಕಂಡ್ ಉಂತೆ."

ನಮ್ಮಲ್ಲಿ ಮನೆ ಹೆಂಗಸರ ಕಡೆಯಿಂದ ಬರುವುದು. ಆ ಗೋಡೆ ಅಮ್ಮನದು, ಅವಳ ನಂತರ ಅಕ್ಕನದು. ನಾನು ಅದರ ಪಕ್ಕ ಓಡಾಡುವ ಮಗ. ಅಮ್ಮ ಹೂಂ ಅನ್ನದೆ ಒಂದು ಹಿಡಿ ಮಣ್ಣೂ ಅಲ್ಲಾಡುವ ಹಾಗಿರಲಿಲ್ಲ. ಹೇಗೋ ಹೂಂ ಅನ್ನಿಸಿ ಕೆಡವಿದರೂ ಅವಳು ಹೇಳಿದ ಮಾತಿನಂತೆ ತೆಂಗಿನ ಕಟ್ಟೆಯ ಮೇಲೆ ಕೂತೇ ಉಣ್ಣುವವಳು. ಊರೆಲ್ಲ ನೋಡುತ್ತದೆ. ಅಮ್ಮನನ್ನು ಎಲ್ಲರ ಜೊತೆ ಕೂರಿಸಿ ಉಣ್ಣಿಸಬೇಕೆಂದು ಹೊರಟವನು ಅವಳನ್ನು ಮನೆಯಿಂದಲೇ ಹೊರಗೆ ಕೂರಿಸಿದ ಎಂದಾಗುತ್ತದೆ. ಈ ಒಂದು ಚಿತ್ರ ನನಗೆ ಎಷ್ಟೋ ದಿನ ನಿದ್ದೆ ಕೊಡಲಿಲ್ಲ. ಆದರೆ ಯೋಜನೆ ಬಿಡಲಿಲ್ಲ.

ಬೇಡ ಎನ್ನಲು ಅಮ್ಮ ಕಾರಣ ಕೊಡುತ್ತಿದ್ದಳು, ನಾನು ಪರಿಹಾರ ಕೊಡುತ್ತಿದ್ದೆ. ಹೊಗೆ ಊಟದವರ ಕಣ್ಣಿಗೆ ಬರುತ್ತದೆ ಅಂದಳು. ಎತ್ತರದ ಹೊಗೆಗೂಡು ಕಟ್ಟಿಸುತ್ತೇನೆ ಅಂದೆ. ಬೆಕ್ಕು ಬರುತ್ತದೆ ಅಂದಳು. ಬಲೆ ಹೊಡೆದ ಬೀರು ಮಾಡಿಸುತ್ತೇನೆ ಅಂದೆ. ಬಂದವರ ಕಣ್ಣು ಮಡಕೆಯ ಮೇಲೆ ಬೀಳುತ್ತದೆ ಅಂದಳು. ಮುಚ್ಚಳ ಇದೆಯಲ್ಲ ಅಂದೆ. ಅವಳು "ನಿಂಗೆ ಎಲ್ಲದ್ಕೂ ಮುಚ್ಚಳ ಇತ್ತ್ ಮಗ" ಅಂದು ಎದ್ದು ಹೋದಳು. ಗೆದ್ದೆ ಅಂದುಕೊಂಡೆ.

ಹೆಂಡತಿಯನ್ನು ಕೇಳಿದೆ. "ಎಲ್ಲರೊಟ್ಟಿಗೆ ಬಿಸಿ ಬಿಸಿ ಉಂಬುಕೆ ನಿಂಗೂ ಮನ್ಸಿಲ್ಯಾ?"

"ಮನ್ಸ್ ಇಲ್ದೆ ಎಂತ? ಆದ್ರೆ ಅತ್ತೀನ್ ಬಿಟ್ಟ್ ಬಪ್ಪುಕಾತ್ತಾ?" ಅಂದಳು. ಹೇಳುವಾಗ ತುಟಿಯ ಕೊನೆಯಲ್ಲಿ ಒಂದು ನಗು ಇತ್ತು. ನಾಚಿಕೆ ಅಂದುಕೊಂಡೆ. ಮದುವೆಯಾಗಿ ಹದಿನೈದು ವರ್ಷ ಕಳೆದವಳಿಗೆ ನನ್ನ ಮುಂದೆ ಇನ್ನೂ ನಾಚಿಕೆ ಉಳಿದಿದೆ ಎಂದು ನಂಬುವಷ್ಟು ಒಳ್ಳೆಯ ಗಂಡ ನಾನು.

ಯಾವುದು ಎಲ್ಲಿರಬೇಕೆಂದು ತಿಳಿಯಲು ಒಂದು ಬೆಳಗ್ಗೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವಳು ಓಡಾಡುವುದನ್ನು ಗಮನಿಸಿದೆ. ಬಾವಿಯಿಂದ ಒಲೆಗೆ, ಒಲೆಯಿಂದ ಮಸಾಲೆ ಕಡೆಯುವ ಕಲ್ಲಿಗೆ, ಕಲ್ಲಿನಿಂದ ಪುನಃ ಬಾವಿಗೆ. ಸುಮ್ಮನೆ ಸುತ್ತುತ್ತಾಳೆ ಅನ್ನಿಸಿತು. ಬಾವಿಯ ಕಡೆಗೆ ಒಂದು ಕಿಟಕಿ ಒಡೆದರೆ ಒಳಗಿನಿಂದಲೇ ನೀರು ಎಳೆಯಬಹುದು. ಕಲ್ಲನ್ನು ಒಲೆಯ ಪಕ್ಕಕ್ಕೆ ತಂದರೆ ಅರ್ಧ ನಡಿಗೆ ಉಳಿಯುತ್ತದೆ. ಇದನ್ನು ಅವಳಿಗೆ ವಿವರಿಸಿದೆ.

"ಹ್ವಾಯ್, ಶಾಲಿಗೆ ರಜಿ ಇದ್ರೆ ಹಲ್ಸಿನ್ಕಾಯಿ ಆದ್ರೂ ಹೆಚ್ಚಿ ಕೊಡಿ. ಕೂಕಂಡ್ ನನ್ ಕಾಲ್ ಕಾಂಬುದೆಂತಕೆ?"

ಹಲಸಿನಕಾಯಿ ಹೆಚ್ಚಿದೆ. ಕೈಗೆ ಮೇಣ ಅಂಟಿದ್ದು ಬಿಟ್ಟರೆ ಯೋಜನೆಗೆ ಧಕ್ಕೆ ಆಗಲಿಲ್ಲ.

ಬೇಸಿಗೆಯಲ್ಲಿ ಭಾವ ಬಂದರು, ಅಂದರೆ ಅಕ್ಕನ ಗಂಡ. ಬೊಂಬಾಯಿಯಲ್ಲಿ ಹೋಟೆಲು. ವರ್ಷಕ್ಕೊಮ್ಮೆ ಬರುವವರು, ಬಂದಾಗಲೆಲ್ಲ ಊರನ್ನು ಸರಿಮಾಡಿ ಹೋಗುವವರು. ಆ ಸಲ ಅಳತೆಯ ಟೇಪು ತಂದಿದ್ದರು. ನನಗೆ ಒಬ್ಬ ಜೊತೆಗಾರ ಸಿಕ್ಕಿದ ಹಾಗಾಯಿತು.

ಬಂದವರೇ ಹೇಳಿದರು, "ಗೋಡಿ ಎಂತಕೆ? ನಮ್ಮ ಹೋಟ್ಲಂಗೆ ಕೌಂಟರ್ ಇತ್ತ್, ಕಾಣಿ. ಒಳ್ಗಿದ್ದವ್ರಿಗೆ ಹೊರ್ಗ್ ಕಾಣತ್ತ್, ಹೊರ್ಗಿದ್ದವ್ರಿಗೆ ಒಳ್ಗ್ ಕಾಣತ್ತ್. ಕೆಲ್ಸ ಫಟಾಫಟ್."

ಅಮ್ಮ ಅಳಿಯನ ಜೊತೆ ನೇರ ಮಾತಾಡುವವಳಲ್ಲ. ಅಕ್ಕನ ಕಡೆ ತಿರುಗಿ ಹೇಳಿದಳು: "ನಿನ್ ಗಂಡನ್ ಹತ್ರ ಕೇಣ್, ಉಂಡ್ ಎದ್ದವ್ರ್ ದುಡ್ಡ್ ಯಾರ್ ಕೈಯಗೆ ಕೊಡ್ಕ್ ಅಂದೇಳಿ."

ಭಾವ ಗಟ್ಟಿಯಾಗಿ ನಕ್ಕರು, ಟೇಪು ಮಾತ್ರ ಮಡಚಲಿಲ್ಲ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಆಚಾರಿಯೊಬ್ಬರು ಅವರ ಸ್ನೇಹಿತರು. ಅವರಿಗೆ ಆಗಲೇ ಊಟದ ಮೇಜು ಮಾಡಲು ಹೇಳಿ ಬಂದಿದ್ದರು. ಮೇಜು ಬಂದ ದಿನ ಅದನ್ನು ಲಾರಿಯಿಂದ ಇಳಿಸುವಾಗ ಆಳುಗಳ ಸೊಂಟ ಬಿದ್ದಿತು. ಅಷ್ಟು ದಪ್ಪದ ಮೇಜನ್ನು ನಾನು ಇನ್ನೆಲ್ಲೂ ನೋಡಿಲ್ಲ. ಹೊಳೆಗೆ ಬಿಟ್ಟರೆ ನಮ್ಮನ್ನೆಲ್ಲ ಹೊತ್ತುಕೊಂಡು ಗಂಗೊಳ್ಳಿಯ ತನಕ ಹೋದೀತು. ಅದು ಬಾಗಿಲಲ್ಲಿ ಹಿಡಿಯುವುದೇ ಎಂಬ ಚಿಂತೆ ನನಗೆ ಮೇಜು ಬಂದ ಮೇಲೆ ಹೊಳೆಯಿತು. ಹಿಡಿಯಲಿಲ್ಲ. ಅಂಗಳದಲ್ಲೇ ಇಟ್ಟೆವು.

ಹಾಗೆ ಅಂಗಳದಲ್ಲಿ ಇಟ್ಟದ್ದರಿಂದಲೇ ನನಗೆ ಆ ಉಪಾಯ ಬಂತು. ಭತ್ತ ಒಕ್ಕುವುದು ಮುಗಿದು ಅಂಗಳ ಸಗಣಿ ಸಾರಿಸಿಕೊಂಡು ಕಪ್ಪುಹಲಗೆಯ ಹಾಗೆ ನುಣ್ಣಗೆ ಬಿದ್ದಿತ್ತು. ಮೇಲೆ ಸೋಗೆಯ ಚಪ್ಪರ. ಕಾಗದದಲ್ಲಿ ನಾನು ಗೀರಿದ ನಕ್ಷೆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಮ್ಮ ಅದನ್ನು ತಲೆಕೆಳಗಾಗಿ ಹಿಡಿದು ಚೆನ್ನಾಗಿದೆ ಅಂದಿದ್ದಳು. ಹಾಗಾದರೆ ಪೂರಾ ಅಡುಗೆಮನೆಯನ್ನೇ ಅಂಗಳದಲ್ಲಿ ಬರೆದರಾಯಿತು. ಗೋಡೆಗೆ ಸುಣ್ಣದ ಗೀಟು. ಒಲೆ ಬರುವಲ್ಲಿ ನಿಜವಾದ ಮೂರು ಕಲ್ಲು. ಬಾಗಿಲು ಬರುವಲ್ಲಿ ಗೀಟು ಬಿಟ್ಟದ್ದು. ನಡುವೆ ದೋಣಿ ಆಚಾರಿಯ ಮೇಜು. ಭಾವ ಟೇಪು ಹಿಡಿದರು, ನಾನು ಸುಣ್ಣ ಎಳೆದೆ. ಮುಗಿದಾಗ ನೋಡಲು ಬಹಳ ಸೊಗಸಾಗಿತ್ತು. ಮನೆಯವರೆಲ್ಲ ಗೀಟು ತುಳಿಯದೆ, ಬಾಗಿಲಿಗೆಂದು ಬಿಟ್ಟ ಜಾಗದಿಂದಲೇ ಒಳಗೆ ಬಂದರು. ಕೋಳಿಗಳು ಮಾತ್ರ ಗೋಡೆಯನ್ನು ಒಪ್ಪಲಿಲ್ಲ.

ಅಮ್ಮ ಒಂದು ಸುತ್ತು ಬಂದಳು. ಒಲೆಯ ಬಳಿ ನಿಂತು ಕೇಳಿದಳು, "ಗಂಜಿ ಎಲ್ಲ್ ಬಸಿಯೂದ್?"

ಅದನ್ನು ಮರೆತಿದ್ದೆ. ಕುಚ್ಚಲಕ್ಕಿ ಅನ್ನದ ಮನೆಯಲ್ಲಿ, ದಿನಾ ದೊಡ್ಡ ಮಡಕೆಯನ್ನು ಮಗ್ಗುಲಾಗಿಸಿ ಗಂಜಿ ಬಸಿಯುವ ಮನೆಯಲ್ಲಿ, ಅದಕ್ಕೊಂದು ಜಾಗವನ್ನೇ ಇಡದೆ ನಕ್ಷೆ ಮಾಡಿದ್ದೆ. ಬ್ರಹ್ಮಾವರದ ಮನೆಯಲ್ಲಿ ನಾನು ಹೋದದ್ದು ದೋಸೆಯ ಹೊತ್ತಿಗೆ. ಒಲೆಯ ಪಕ್ಕ ಕೂಡಲೇ ಒಂದು ಚೌಕ ಗೀರಿದೆ.

ಮಾರನೆಯ ದಿನ ಅದರೊಳಗೇ ಒಂದು ಊಟ ಮಾಡಿ ನೋಡುವುದೆಂದು ಆಯಿತು. ಅಮ್ಮನಿಗೆ ರುಚಿ ಹತ್ತಿದರೆ ಹೂಂ ಅನ್ನುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಒಳ್ಳೆಯ ಬಂಗ್ಡೆ ಸಿಕ್ಕಿತ್ತು. ಅಕ್ಕ ಮೂರು ಕಲ್ಲಿನ ಒಲೆಯಲ್ಲೇ ಮಣ್ಣಿನ ಮಡಕೆಯಿಟ್ಟು ಸಾರು ಮಾಡಿದಳು. ಮೇಜಿನ ತಲೆಭಾಗದಲ್ಲಿ ಅಮ್ಮನನ್ನು ಕೂರಿಸಿದೆ. ಹೆಂಡತಿ, ಅಕ್ಕ, ಭಾವ, ಮಕ್ಕಳು, ಎಲ್ಲರೂ ಸುತ್ತ. ನಾನೇ ಎದ್ದು ಅಮ್ಮನಿಗೆ ದೊಡ್ಡ ತುಂಡು ಬಡಿಸಿದೆ.

ಅಮ್ಮ ಉಂಡಳು. ಕರೆಯದ ಮದುವೆಗೆ ಹೋದವರು ಉಣ್ಣುವ ಹಾಗೆ, ಬೆರಳ ತುದಿಯಲ್ಲಿ. ಅಕ್ಕ ಗಂಡನ ಎದುರು ಕೂತದ್ದಕ್ಕೆ ಸೆರಗು ಎಳೆದುಕೊಳ್ಳುವುದರಲ್ಲೇ ಇದ್ದಳು. ನನ್ನ ಹೆಂಡತಿ ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ಭಾವ ಒಬ್ಬರೇ ಬೊಂಬಾಯಿಯ ಕಥೆ ಹೇಳಿದರು. ಊಟ ಬೇಗ ಮುಗಿಯಿತು.

"ಹ್ಯಾಂಗಾಯ್ತ್ ಅಮ್ಮ?"

"ಲಾಯ್ಕ್ ಆಯ್ತ್ ಮಗ" ಅಂದಳು. ಆಮೇಲೆ ಅಕ್ಕನಿಗೆ, "ಆ ಮಡ್ಕಿ ಒಳ್ಗ್ ತಕಂಡ್ ಹೋಗ್. ಕಾಕಿ ಬಂದ್ ಕೊಕ್ಕ್ ಹಾಕತ್ತ್."

ಲಾಯ್ಕ್ ಅಂದದ್ದು ಹೂಂ ಅಂದ ಹಾಗೆಯೇ ಅಲ್ಲವೇ ಎಂದು ಭಾವನನ್ನು ಕೇಳಿದೆ. ಅವರು ಆಗಲೇ ಚಾವಡಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ನನಗೆ ಮಲಗಲು ಮನಸ್ಸಾಗಲಿಲ್ಲ. ಮುಗಿಯಿತು, ಇನ್ನು ಗೋಡೆಯ ದಪ್ಪ ಅಳೆದು ಕಲ್ಲಿನ ಕೆಲಸದವರಿಗೆ ಹೇಳಿ ಕಳಿಸಬೇಕು ಅನ್ನಿಸಿ ಟೇಪು ಹಿಡಿದು ಒಳಗೆ ಹೋದೆ.

ಊಟದ ಕೋಣೆಯಲ್ಲಿ ನಿಂತಾಗ ಗೋಡೆಯಾಚೆಯಿಂದ ನಗು ಕೇಳಿತು. ಮೂವರದು. ಅದರಲ್ಲಿ ಒಂದು ನನ್ನ ಹೆಂಡತಿಯದು ಎಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಅವಳು ಅಷ್ಟು ಗಟ್ಟಿಯಾಗಿ ನಗುವುದನ್ನು ನಾನು ಕೇಳಿರಲಿಲ್ಲ. ಸಣ್ಣ ಬಾಗಿಲಿನಲ್ಲಿ ಬಗ್ಗಿ ನೋಡಿದೆ.

ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಕಂಡದ್ದು ಇಷ್ಟು. ಮೂವರೂ ಗಿಡ್ಡ ಮಣೆಗಳ ಮೇಲೆ, ಕಾಲು ನೀಳವಾಗಿ ಚಾಚಿ, ಬೆನ್ನನ್ನು ಅದೇ ಗೋಡೆಗೆ ಆನಿಸಿ ಕೂತಿದ್ದಾರೆ. ಅಕ್ಕನ ಸೆರಗು ಎಲ್ಲೋ ಇದೆ. ನಡುವೆ ಸಾರಿನ ಮಡಕೆ. ತಳದಲ್ಲಿ ಗಟ್ಟಿಯಾಗಿ ಉಳಿದ ಸಾರಿಗೆ ಅಮ್ಮ ಅನ್ನ ಸುರಿದು, ತೆಂಗಿನೆಣ್ಣೆ ಬಿಟ್ಟು, ಮಡಕೆಯ ಮೈಗೆ ಅಂಟಿದ ಮಸಾಲೆಯನ್ನೆಲ್ಲ ಒರೆಸಿ ಕಲಸಿ, ಉಂಡೆ ಮಾಡಿ ಒಬ್ಬೊಬ್ಬರ ಕೈಗೆ ಇಡುತ್ತಿದ್ದಾಳೆ. ಇಡುತ್ತ ನನ್ನ ಧ್ವನಿಯಲ್ಲಿ ಹೇಳುತ್ತಿದ್ದಾಳೆ:

"'ಇಲ್ಲಿ ಕಿಟಕಿ, ಇಲ್ಲಿ ಗಾಳಿ, ಇಲ್ಲಿ ಅಮ್ಮ.' ಕಿಟ್ಕಿ ಒಟ್ಟಿಗೆ ನನ್ನನ್ನೂ ಗೋಡಿಗ್ ಹೊಡ್ದ್ ಹಾಕಿದ."

ಟೇಪು ನನ್ನ ಕೈಯಿಂದ ಜಾರಿ ಸದ್ದಾಯಿತು. ಅಮ್ಮ ಈ ಕಡೆ ನೋಡಿದಳು, ಕಾಲು ಮಡಚಲಿಲ್ಲ.

"ಎಂತ ಮಗ, ಗೋಡಿ ಅಳ್ತಿ ತೆಗುಕೆ ಬಂದ್ಯಾ?"

"ಹಾಂಗಾರೆ ನೀವ್ ಆಗ ಉಂಡದ್ದ್ ಎಂತ?" ಅಂದೆ.

"ಅದ್ ನಿನ್ ಊಟ ತಮ್ಮ" ಅಂದಳು ಅಕ್ಕ. "ಇದ್ ನಮ್ದ್."

ಪಾಪದ ತಾಯಿಯೊಬ್ಬಳನ್ನು ನಾನು ಬ್ರಹ್ಮಾವರದ ಬಸ್ಸಿನಲ್ಲಿ ಕೂತು ಕಟ್ಟಿಕೊಂಡಿದ್ದೆ. ಅವಳು ಇಲ್ಲಿ ಇರಲೇ ಇಲ್ಲ. ಹೊಸ್ತಿಲ ಮೇಲೆ ಕೂತೆ. ಇಷ್ಟಾದರೂ ನನ್ನ ಮಾಸ್ತರಿಕೆ ಬಿಡಲಿಲ್ಲ. ಬೆಳಕಾದರೂ ಬೇಡವೇ, ಈ ಹೊಗೆ ಯಾಕೆ ಕುಡಿಯಬೇಕು ಎಂದು ಕೇಳಿದೆ.

"ಬೆಳ್ಕ್ ಬ್ಯಾಡ ಅಂದೇಳಿ ಯಾರ್ ಹೇಳ್ದ್ರ್? ಕಿಟ್ಕಿ ಇಡ್. ಹೊಗಿಗೂಡ್ ಕಟ್ಟ್. ಬಾವಿ ಹತ್ರ ಮಾಡ್ತೆ ಅಂದ್ಯಲ್ಲ, ಅದನ್ನೂ ಮಾಡ್" ಅಂದಳು ಅಮ್ಮ. "ಆದ್ರೆ ಇಡೀ ದಿನದಗೆ ನಾವ್ ಕಾಲ್ ನೀಡಿ ಕೂಕಂಬ್ದ್ ಇದೊಂದ್ ಹೊತ್ತ್. ಗೋಡಿ ತೆಗ್ದ್ರೆ ಕಾಲ್ ಎಲ್ಲ್ ನೀಡೂದ್? ನಿನ್ ಮೇಜಿನ್ ಮೇಲಾ?"

ಅಮ್ಮ ಇನ್ನೊಂದು ಉಂಡೆ ಕಟ್ಟಿದಳು. ಆಮೇಲೆ ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ಕೂತ್ರೆ ಕಾಂಬುಕಾಗ. ನಿಂತ್ರೆ ಕಂಡ್ರೆ ಅಡ್ಡಿಲ್ಲ."

ನಮ್ಮ ಹೊಸ ಅಡುಗೆಮನೆಯ ನಕ್ಷೆ ಆ ಒಂದು ಮಾತಿನಲ್ಲಿತ್ತು: ಕೂತವರ ತಲೆ ಮರೆಯಾಗುವಷ್ಟೇ ಎತ್ತರದ ಒಂದು ಅರೆಗೋಡೆ. ನಾನು ಟೇಪು ಹೆಕ್ಕಿಕೊಂಡೆ. ಅಮ್ಮ ಮಣೆಯ ಮೇಲೆ ನೆಟ್ಟಗೆ ಕೂತಳು. ನೆಲದಿಂದ ಅವಳ ನೆತ್ತಿಯ ತನಕ ಅಳೆದೆ. ಅಕ್ಕ, "ತುರುಬ್ ಸೇರ್ಸ್ ತಮ್ಮ" ಅಂದಳು. ತುರುಬು ಸೇರಿಸಿ ಗೋಡೆಯ ಮೇಲೆ ಮಸಿಯಲ್ಲಿ ಗುರುತು ಹಾಕಿದೆ. ಮೂವರೂ ಕಾಲು ಚಾಚಿದಾಗ ಎಲ್ಲಿಗೆ ಬರುತ್ತದೆ ನೋಡಿ ನೆಲದ ಮೇಲೂ ಒಂದು ಗುರುತು ಹಾಕಿದೆ. ಹೆಂಡತಿ ಕಾಲು ಮಡಚಲು ನೋಡಿದಳು. ಪೂರ್ತಿ ಚಾಚು, ಆಮೇಲೆ ಜಾಗ ಸಾಲದೆಂದರೆ ನಾನು ಜವಾಬ್ದಾರನಲ್ಲ ಅಂದೆ.

ಸಂಜೆ ಭಾವನಿಗೆ ಅರೆಗೋಡೆಯ ವಿಷಯ ಹೇಳಿದೆ. "ಕೌಂಟರ್ ಅಂದೇಳಿ ನಾ ಮೊದ್ಲಿಂದ ಹೇಳೂದ್ ಅದನ್ನೇ ಅಲ್ದಾ?" ಅಂದರು. ಇರಲಿ ಎಂದು ಬಿಟ್ಟೆ.

ಮರುದಿನ ಅಂಗಳದ ಗೀಟುಗಳನ್ನು ಅಳಿಸಿ ಪುನಃ ಎಳೆದೆವು. ಈ ಸಲ ಅಮ್ಮ ಹೇಳುತ್ತ ಹೋದಳು, ನಾನು ಎಳೆಯುತ್ತ ಹೋದೆ. ಅರೆಗೋಡೆಯ ಆಚೆ ಒಲೆ, ಅದರ ಎಡಕ್ಕೆ ಗಂಜಿ ಬಸಿಯುವ ಕಟ್ಟೆ, ಅಲ್ಲಿಂದ ತೆಂಗಿನ ಬುಡಕ್ಕೆ ಮೋರಿ. ಬಾವಿಯ ಕಡೆ ಅಗಲ ಕಿಟಕಿ. ಕಡೆಯುವ ಕಲ್ಲು ಅರೆಗೋಡೆಯ ತುದಿಗೆ, ಕಡೆಯುವವಳು ಊಟದ ಕೋಣೆಯವರ ಜೊತೆ ಮಾತಾಡಬಹುದಾದ ಹಾಗೆ. ಈಚೆ ಮೇಜು. ನಡುವಿನ ಗೋಡೆ ಕೆಡವಿ, ಕಿಟಕಿಗೆಂದು ಬಾವಿಯ ಕಡೆಯ ಗೋಡೆ ಒಡೆದ ಮೇಲೆ ಅದು ಅಲ್ಲಿಂದ ಸಲೀಸಾಗಿ ಒಳಗೆ ಬಂತು.

ಕಲ್ಲು ಕಟ್ಟುವ ಮೇಸ್ತ್ರಿಗೆ ಒಂದೇ ಅನುಮಾನ. ಅರೆಗೋಡೆಗೂ ಒಲೆಗೂ ನಡುವೆ ಇಷ್ಟು ಜಾಗ ಸುಮ್ಮನೆ ಯಾಕೆ?

"ಮಳಿಗಾಲದಗೆ ತೆಂಗಿನ್ಕಾಯಿ ರಾಶಿ ಹಾಕುಕೆ" ಅಂದಳು ಅಮ್ಮ, ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದೆ.

ಮುರಕಲ್ಲಿನ ಸಾಲು ಹೊಂದಲಿಲ್ಲವೆಂದು ಮೇಸ್ತ್ರಿ ಗೋಡೆಯನ್ನು ಒಂದು ಸಾಲು ಕಡಿಮೆಗೆ ನಿಲ್ಲಿಸಲು ನೋಡಿದ. ಅಮ್ಮ ಕಲ್ಲಿನ ಪುಡಿಯ ನಡುವೆಯೇ ಮಣೆ ತರಿಸಿ ಆಚೆ ಕೂತಳು. ನನ್ನನ್ನು ಈಚೆ ಮೇಜಿನ ಬಳಿ ಕೂರಿಸಿದಳು.

"ಕಾಣತ್ತಾ?"

"ತುರುಬ್ ಕಾಣತ್ತ್."

"ಹಾಂಗಾರೆ ಇನ್ನೊಂದ್ ಸಾಲ್ ಕಟ್ಟ್ಸ್."

ಮಳೆ ಬರುವ ಮುಂಚೆ ಹಂಚು ಏರಿತು. ಮಾಡು ಸೋರೀತು, ಹೊಗೆಗೂಡಿನಲ್ಲಿ ಹಕ್ಕಿ ಗೂಡು ಕಟ್ಟೀತು, ಕಿಟಕಿಯಿಂದ ಮಗು ಬಾವಿಗೆ ಬಿದ್ದೀತು ಎಂದೆಲ್ಲ ನಾನು ಕ್ರಮವಾಗಿ ಹೆದರಿದೆ. ಕಿಟಕಿಗೆ ಸರಳು ಹಾಕಿಸಿದೆವು. ಉಳಿದದ್ದು ಯಾವುದೂ ಆಗಲಿಲ್ಲ. ಅದು ಒಳ್ಳೆಯ ಅಡುಗೆಮನೆ. ನನ್ನದೇ ಕೆಲಸವೆಂದು ಹೇಳುತ್ತಿಲ್ಲ; ಆದರೆ ಸುಣ್ಣ ಎಳೆದವನು ನಾನು. ಬೈಂದೂರು, ಉಪ್ಪುಂದದ ಕಡೆಯ ನೆಂಟರು ಬಂದು ನೋಡಿ, ಅರೆಗೋಡೆಯ ಎತ್ತರ ಅಳೆದುಕೊಂಡು ಹೋಗಿ ತಮ್ಮಲ್ಲೂ ಕಟ್ಟಿಸಿದರು. ಎತ್ತರ ಯಾರನ್ನು ಕೂರಿಸಿ ಇಟ್ಟದ್ದೆಂದು ಅವರು ಕೇಳಲಿಲ್ಲ. ಉಪ್ಪುಂದದ ಒಂದು ಮನೆಯಲ್ಲಿ ಊಟ ಮಾಡುವಾಗ ಅರೆಗೋಡೆಯ ಮೇಲೆ ಸಾಲಾಗಿ ತುರುಬುಗಳು ಕಂಡವು. ಆ ಮನೆಯ ಹೆಂಗಸರು ಉದ್ದ.

ಈಗ ವರ್ಷಗಳಾದವು. ಬೆಳಗಿನ ತಿಂಡಿಗೆ ಅಮ್ಮ ನಮ್ಮ ಜೊತೆ ಮೇಜಿನಲ್ಲಿ ಕೂರುತ್ತಾಳೆ. ಮಧ್ಯಾಹ್ನ ನಾವು ಎದ್ದ ಮೇಲೆ ಮೂವರೂ ಒಬ್ಬೊಬ್ಬರಾಗಿ ಅರೆಗೋಡೆಯ ಹಿಂದೆ ಇಳಿಯುತ್ತಾರೆ. ಚಾವಡಿಯಿಂದ ನೋಡಿದರೆ ಬೆಳಕು ತುಂಬಿದ ಖಾಲಿ ಅಡುಗೆಮನೆ, ಅದರೊಳಗಿಂದ ನಗು. ಒಮ್ಮೆ ಭಾವನ ಜೊತೆ ಬಂದ ಬೊಂಬಾಯಿಯ ಅತಿಥಿ ಊಟ ಮುಗಿಸಿ ಕೂತವರು ಅದನ್ನು ಕೇಳಿ ಎರಡು ಸಲ ತಿರುಗಿ ನೋಡಿದರು, ಪಾಪ.

ನಾನು ಆ ಹೊತ್ತಿಗೆ ಏನೋ ಮರೆತವನ ಹಾಗೆ ಮೇಜಿನ ಬಳಿ ಒಮ್ಮೆ ಸುಳಿಯುತ್ತೇನೆ. ಒಂದು ದಿನ ಅಮ್ಮನಿಗೆ ನನ್ನ ಹೆಜ್ಜೆ ತಿಳಿಯಿತು. ಅರೆಗೋಡೆಯ ಮೇಲೆ ಒಂದು ಕೈ ಮಾತ್ರ ಬಂತು, ಅಂಗೈಯಲ್ಲಿ ಕೆಂಪಗಿನ ಅನ್ನದ ಉಂಡೆ.

"ತಕೋ. ಈಚಿಗೆ ಬಪ್ಪುಕಿಲ್ಲ."

ಸಾರು ಕಲ್ಲಿನ ಮೇಲೆ ತೊಟ್ಟಿಕ್ಕಿ ಕಲೆಯಾದೀತೆಂದು ಹೆದರಿ ಬೇಗ ತೆಗೆದುಕೊಂಡೆ. ನಿಂತಲ್ಲೇ ತಿಂದೆ. ಅವರು ಇಷ್ಟು ವರ್ಷ ಯಾಕೆ ಗೋಡೆ ಬಿಟ್ಟುಕೊಡಲಿಲ್ಲವೆಂದು ನಾಲಿಗೆಗೂ ಗೊತ್ತಾಯಿತು.